ಡೌನ್‌ಟನ್ ಆ್ಯಬಿ ಮನೆ: ಹೈಕ್ಲಿಯರ್ ಕ್ಯಾಸಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಊರಿಂದ ಯಾರೇ ಬರಲಿ, ಬಿಗ್ ಬೆನ್, ಟವರ್ ಬ್ರಿಜ್ ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಗ್ಯಾರಂಟಿ: "ಆ ಸೀರಿಯಲ್ ಮನೆ ಇಲ್ಲೇ ಎಲ್ಲೋ ಇದೆಯಂತಲ್ಲ?" ಇದೆ. ಕಾರಿನಲ್ಲಿ ಮುಕ್ಕಾಲು ಗಂಟೆ. ನೆಂಟರನ್ನು ಕರೆದುಕೊಂಡು ಹೋಗಿ ಹೋಗಿ ಈಗ ಗೈಡಿನ ಕೆಲಸ ಅರ್ಧ ನನಗೇ ಬಂದುಬಿಟ್ಟಿದೆ. ಕಾರಿನ ಹಿಂದಿನ ಸೀಟಿನಿಂದ, ವಾಟ್ಸಾಪ್‌ನಿಂದ, ಸಂಕ್ರಾಂತಿ ಊಟದ ಸಾಲಿನಿಂದ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ.

## ಮೊದಲ ಸಲ ಕೇಳುವವರಿಗೆ

ಯಾವ ಮನೆ ಇದು? ಎಲ್ಲಿದೆ?

ಹೆಸರು ಹೈಕ್ಲಿಯರ್ ಕ್ಯಾಸಲ್. ಹ್ಯಾಂಪ್‌ಶೈರ್‌ನ ಉತ್ತರದ ಅಂಚಿನಲ್ಲಿದೆ. ಹತ್ತಿರದ ಪೇಟೆ ನ್ಯೂಬರಿ. ಅಲ್ಲಿಂದ ದಕ್ಷಿಣಕ್ಕೆ ಎಂಟು ಕಿಲೋಮೀಟರ್ ಆಗಬಹುದು.

'ಡೌನ್‌ಟನ್ ಆ್ಯಬಿ' ಸೀರಿಯಲಿನಲ್ಲಿ ಕ್ರಾಲಿ ಮನೆತನದವರು ವಾಸ ಮಾಡುವುದು ಇದೇ ಮನೆಯಲ್ಲಿ. 2010ರ ಸೆಪ್ಟೆಂಬರ್‌ನಿಂದ 2015ರ ಕ್ರಿಸ್‌ಮಸ್ ತನಕ ಐಟಿವಿಯಲ್ಲಿ ಆರು ಸೀಸನ್, ಒಟ್ಟು 52 ಕಂತು ಬಂತು. ಆಮೇಲೆ 2019, 2022 ಮತ್ತು 2025ರಲ್ಲಿ ಮೂರು ಸಿನಿಮಾ ಆದವು. ಕಥೆಯಲ್ಲಿ ಮನೆ ಇರುವುದು ಯಾರ್ಕ್‌ಶೈರ್‌ನಲ್ಲಿ. ಅದು ಇಲ್ಲಿಂದ ಉತ್ತರಕ್ಕೆ ಮುನ್ನೂರು ಕಿಲೋಮೀಟರ್ ಆಚೆ. ಹಾಗಾಗಿ ಯಾರ್ಕ್‌ಗೆ ಹೋಗಿ ಡೌನ್‌ಟನ್ ಎಲ್ಲಿ ಅಂತ ಹುಡುಕಬೇಡಿ. ನಮ್ಮ ಸ್ನೇಹಿತರೊಬ್ಬರು ಹುಡುಕಿದ್ದಾರೆ.

ಕ್ಯಾಸಲ್ ಅಂದ್ರೆ ಕೋಟೆ ಅಲ್ವಾ? ಕಂದಕ, ಬುರುಜು ಎಲ್ಲಿ?

ಯಾವುದೂ ಇಲ್ಲ. ಇಲ್ಲಿ ಯಾರೂ ಯುದ್ಧ ಮಾಡಿದ್ದಲ್ಲ. ಶ್ರೀಮಂತರು ಹಳ್ಳಿಗಾಡಿನ ತಮ್ಮ ಜಮೀನಿನ ನಡುವೆ ಕಟ್ಟಿಸಿಕೊಂಡ ದೊಡ್ಡ ಮನೆ, ಅಷ್ಟೆ. ಹೆಸರಿನಲ್ಲಿ ಮಾತ್ರ ಕ್ಯಾಸಲ್.

ಮೊದಲು ಇಲ್ಲಿದ್ದದ್ದು ಚೌಕಾಕಾರದ, ಅಲಂಕಾರ ಕಡಿಮೆ ಇದ್ದ ಮನೆ. 1840ರ ದಶಕದಲ್ಲಿ ಆಗಿನ ಒಡೆಯರಾದ ಮೂರನೇ ಅರ್ಲ್ (ಅರ್ಲ್ ಅಂದರೆ ಇಂಗ್ಲೆಂಡಿನ ದೊಡ್ಡ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬರುವ ಬಿರುದು) ಅದಕ್ಕೆ ಹೊಸ ರೂಪ ಕೊಡಲು ಚಾರ್ಲ್ಸ್ ಬ್ಯಾರಿಯನ್ನು ಕರೆಸಿದರು. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ವಿನ್ಯಾಸ ಮಾಡಿದ್ದೂ ಇದೇ ಬ್ಯಾರಿ. ಗೋಪುರ ನೋಡಿದ ತಕ್ಷಣ "ಇದನ್ನ ಎಲ್ಲೋ ನೋಡಿದ್ದೀನಲ್ಲ" ಅಂತ ಅನಿಸುವುದು ಅದಕ್ಕೇ. ಹೊರಗೆಲ್ಲ ಬಾತ್ ಎಂಬ ಊರಿನ ಕಡೆಯ ತೆಳು ಜೇನಿನ ಬಣ್ಣದ ಕಲ್ಲು. ಒಳಗಿನ ಕೆಲಸ ಮುಗಿಯುವಷ್ಟರಲ್ಲಿ 1878 ಬಂತು. ಅಷ್ಟು ಹೊತ್ತಿಗೆ ಬ್ಯಾರಿಯೂ ಇರಲಿಲ್ಲ, ಮೂರನೇ ಅರ್ಲ್ ಕೂಡ ಇರಲಿಲ್ಲ. ಮನೆ ಕಟ್ಟಿಸಿದವರಿಗೆ ಈ ಸಂಕಟ ಗೊತ್ತಿರುತ್ತದೆ.

ಅಲ್ಲಿ ನಿಜವಾಗ್ಲೂ ಯಾರಾದ್ರೂ ವಾಸ ಇದ್ದಾರಾ, ಇಲ್ಲ ಮ್ಯೂಸಿಯಮ್ಮಾ?

ಇದ್ದಾರೆ. 1679ರಿಂದ ಈ ಜಾಗ ಒಂದೇ ಮನೆತನದ ಕೈಯಲ್ಲಿದೆ. ಅವರ ಮನೆತನದ ಹೆಸರು ಹರ್ಬರ್ಟ್, ಬಿರುದು ಕಾರ್ನಾರ್ವನ್ ಅರ್ಲ್. ಈಗಿರುವವರು ಎಂಟನೇ ಅರ್ಲ್ ಮತ್ತು ಅವರ ಪತ್ನಿ. ಪುರಾತನ ಕಟ್ಟಡಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್‌ಗೂ ಈ ಮನೆಗೂ ಸಂಬಂಧ ಇಲ್ಲ. ಹಾಗಾಗಿ ಟ್ರಸ್ಟಿನ ಮೆಂಬರ್ ಕಾರ್ಡ್ ತೋರಿಸಿದರೆ ಒಳಗೆ ಬಿಡುವುದಿಲ್ಲ. ಇದನ್ನು ಜಾಸ್ತಿ ಜನ ಗೇಟಿನ ಹತ್ತಿರ ಹೋದ ಮೇಲೆ ಕಲಿಯುತ್ತಾರೆ.

ನನಗೆ ಇಷ್ಟವಾಗುವುದೂ ಇದೇ. ಕೋಣೆಗಳಲ್ಲಿ ಅವರ ಮನೆಯವರ ಫೋಟೋಗಳಿವೆ. ಯಾರದ್ದೋ ಮನೆಯ ಹಾಲ್ ದಾಟಿ ಹೋಗುತ್ತಿದ್ದೇವೆ ಎನ್ನುವ ಒಂದು ಸಂಕೋಚ ಕೊನೆತನಕ ಬಿಡುವುದಿಲ್ಲ.

ಕಭಿ ಖುಷಿ ಕಭಿ ಗಮ್‌ನಲ್ಲಿ ಶಾರುಖ್ ಹೆಲಿಕಾಪ್ಟರ್‌ನಲ್ಲಿ ಇಳಿಯೋ ಮನೆ ಇದೇ ಅಲ್ವಾ?

ಅಲ್ಲ. ಅದು ಬಕಿಂಗ್‌ಹ್ಯಾಂಶೈರ್‌ನ ವಾಡ್ಸ್‌ಡನ್ ಮ್ಯಾನರ್. ಫ್ರಾನ್ಸಿನ ಅರಮನೆಗಳ ಮಾದರಿಯಲ್ಲಿ ರೋಥ್‌ಸ್‌ಚೈಲ್ಡ್ ಮನೆತನದ ಫರ್ಡಿನಾಂಡ್ ಕಟ್ಟಿಸಿದ್ದು. ಅದು ನ್ಯಾಷನಲ್ ಟ್ರಸ್ಟಿಗೇ ಸೇರಿದ್ದು, ಹಾಗಾಗಿ ಕಾರ್ಡ್ ಅಲ್ಲಿ ನಡೆಯುತ್ತದೆ. ಎರಡನ್ನೂ ಒಂದೇ ದಿನ ನೋಡುತ್ತೇವೆ ಅಂತ ಹೊರಡಬೇಡಿ, ಯಾವುದನ್ನೂ ನೋಡಿದ ಹಾಗೆ ಆಗುವುದಿಲ್ಲ. ರೋಥ್‌ಸ್‌ಚೈಲ್ಡ್ ಹೆಸರು ಮಾತ್ರ ನೆನಪಿಟ್ಟುಕೊಳ್ಳಿ. ಕೆಳಗೆ ಮತ್ತೆ ಬರುತ್ತದೆ.

ನಾನು ಸೀರಿಯಲ್ ನೋಡೇ ಇಲ್ಲ. ಬಂದ್ರೆ ಬೋರ್ ಆಗುತ್ತಾ?

ನಮ್ಮ ಮಾವ ಒಂದು ಕಂತೂ ನೋಡದೆ ಬಂದವರು. ಎಲ್ಲರಿಗಿಂತ ಜಾಸ್ತಿ ಹೊತ್ತು ಒಳಗಿದ್ದವರೂ ಅವರೇ.

## ಹೊರಡುವ ಮುಂಚೆ

ಯಾವಾಗ ಹೋದ್ರೂ ಒಳಗೆ ಬಿಡ್ತಾರಾ?

ಇಲ್ಲ. ವರ್ಷದ ಬಹುಪಾಲು ದಿನ ಮನೆ ಮುಚ್ಚಿರುತ್ತದೆ. ಈಸ್ಟರ್ ಸುತ್ತ ಕೆಲವು ದಿನ, ಮೇ ತಿಂಗಳಲ್ಲಿ ಕೆಲವು ದಿನ, ಆಮೇಲೆ ಜುಲೈ ನಡುವಿನಿಂದ ಸೆಪ್ಟೆಂಬರ್ ಶುರುವಿನ ತನಕ ತೆರೆಯುತ್ತಾರೆ. ಬೇಸಿಗೆಯಲ್ಲೂ ಸಾಮಾನ್ಯವಾಗಿ ಶುಕ್ರವಾರ, ಶನಿವಾರ ರಜೆ. ಇದು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತದೆ. ಅವರ ವೆಬ್‌ಸೈಟಿನಲ್ಲಿ ದಿನಾಂಕ ನೋಡಿ, ಟಿಕೆಟ್ ತೆಗೆದುಕೊಂಡೇ ಹೊರಡಿ. ಟಿಕೆಟಿನಲ್ಲಿ ಇಂಥ ಹೊತ್ತಿಗೆ ಒಳಗೆ ಬರಬೇಕು ಅಂತ ಇರುತ್ತದೆ.

ನಾನು ಮೊದಲ ಸಲ ಕರೆದುಕೊಂಡು ಹೋದದ್ದು ನಮ್ಮ ಅತ್ತೆಯನ್ನು, ಒಂದು ಶನಿವಾರ. ಬುಕ್ಕಿಂಗ್ ಇಲ್ಲ, ಏನಿಲ್ಲ. ಗೇಟು ಮುಚ್ಚಿತ್ತು. ಕಾರಿನಲ್ಲೇ ಕೂತು ಚಿತ್ರಾನ್ನ ತಿಂದು ವಾಪಸ್ ಬಂದೆವು. ಅತ್ತೆ ಈಗಲೂ ಫೋನಿನಲ್ಲಿ ಅದನ್ನು ಎತ್ತುತ್ತಾರೆ.

ಕಾರಿಲ್ಲದೆ ಹೋಗಬಹುದಾ?

ಹೋಗಬಹುದು. ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್‌ನಿಂದ ನ್ಯೂಬರಿಗೆ ರೈಲಿದೆ, ಹೆಚ್ಚು ಕಡಿಮೆ ಒಂದು ಗಂಟೆ. ನ್ಯೂಬರಿಯಿಂದ ಟ್ಯಾಕ್ಸಿ. ಹೋಗುವಾಗಲೇ ವಾಪಸ್ ಬರುವ ಟ್ಯಾಕ್ಸಿಗೂ ಹೇಳಿಟ್ಟಿರಿ. ರಸ್ತೆಯಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲುವ ಆಟೋಗಳ ಊರಲ್ಲ ಇದು.

ಒಳಗೆ ಫೋಟೋ ತೆಗೀಬಹುದಾ?

ಮನೆಯೊಳಗೆ ಬಿಡುವುದಿಲ್ಲ. ಹೊರಗೆ ಎಷ್ಟು ಬೇಕಾದರೂ ತೆಗೆಯಿರಿ. ಬೇಜಾರು ಮಾಡಿಕೊಳ್ಳುವವರಿಗೆ ನಾನು ಹೇಳುವುದಿಷ್ಟು: ಕೈಯಲ್ಲಿ ಫೋನಿಲ್ಲದ ಕಾರಣ ಜನ ತಲೆ ಎತ್ತಿ ಚಾವಣಿ ನೋಡುತ್ತಾರೆ. ಆ ಚಾವಣಿ ನೋಡುವಂಥದ್ದೇ.

ಹೊರಗಿನ ಫೋಟೋಗೆ ಹುಲ್ಲುಹಾಸಿನ ಲೆಬನಾನ್ ದೇವದಾರು ಮರಗಳ ಹತ್ತಿರ ನಿಲ್ಲಿ. ಮಧ್ಯಾಹ್ನದ ಮೇಲೆ ಕಲ್ಲಿನ ಬಣ್ಣ ಚೆನ್ನಾಗಿ ಏಳುತ್ತದೆ.

ವಯಸ್ಸಾದವರನ್ನು ಕರ್ಕೊಂಡು ಬಂದ್ರೆ ಕಷ್ಟ ಆಗುತ್ತಾ?

ಕೆಳಗಿನ ಅಂತಸ್ತು ಕಷ್ಟ ಇಲ್ಲ. ಮಲಗುವ ಕೋಣೆಗಳು ಮೇಲೆ, ಈಜಿಪ್ಟ್ ಪ್ರದರ್ಶನ ನೆಲಮಾಳಿಗೆಯಲ್ಲಿ, ಎರಡಕ್ಕೂ ಮೆಟ್ಟಿಲು. ಮಂಡಿನೋವು ಇರುವವರು ಮೊದಲು ಸಲೂನ್ (ಕ್ಷೌರದ್ದಲ್ಲ, ಮನೆಯ ನಡುವಿನ ದೊಡ್ಡ ಹಾಲ್) ಮತ್ತು ಲೈಬ್ರರಿ ನೋಡಿ, ಆಮೇಲೆ ತೋಟದಲ್ಲಿ ಕೂರಲಿ. ಪಾರ್ಕಿನ ವಿನ್ಯಾಸ ಆ ಕಾಲದ ಹೆಸರಾಂತ ತೋಟಗಳ ವಿನ್ಯಾಸಕಾರ ಕೇಪಬಿಲಿಟಿ ಬ್ರೌನ್‌ನದು, 1770ರ ದಶಕದ್ದು. ಗುಡ್ಡ, ಮರ, ಬಯಲು ಎಲ್ಲ ತಾನಾಗಿಯೇ ಹಾಗೆ ಬೆಳೆದಿದೆ ಅನಿಸುತ್ತದೆ. ಅದೆಲ್ಲ ಲೆಕ್ಕ ಹಾಕಿ ಮಾಡಿದ್ದು.

## ಒಳಗೆ ಹೋದ ಮೇಲೆ

ಅಡುಗೆಮನೆ ಎಲ್ಲಿ? ನಾನು ಅದನ್ನೇ ನೋಡೋಕೆ ಬಂದಿದ್ದು!

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು, ಅತಿ ಹೆಚ್ಚು ನಿರಾಸೆಯದ್ದೂ ಇದೇ. ಸೀರಿಯಲಿನ ಅಡುಗೆಯಾಕೆ ಮಿಸೆಸ್ ಪ್ಯಾಟ್‌ಮೋರ್ ಗದರುವ ಅಡುಗೆಮನೆ, ಆಳುಗಳು ಊಟಕ್ಕೆ ಕೂರುವ ಉದ್ದ ಮೇಜು, ಗೋಡೆಯ ಮೇಲಿನ ಗಂಟೆಗಳ ಸಾಲು, ಯಾವುದೂ ಇಲ್ಲಿಲ್ಲ. ಅವೆಲ್ಲ ಪಶ್ಚಿಮ ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಹಾಕಿದ್ದ ಸೆಟ್. ಹೈಕ್ಲಿಯರ್‌ನ ಅಡುಗೆಮನೆ ಕಾಲಕಾಲಕ್ಕೆ ಹೊಸದಾಗುತ್ತ ಬಂದಿದೆ. ನೂರು ವರ್ಷದ ಹಿಂದಿನ ಒಲೆ ಹುಡುಕಿದರೆ ಎಲ್ಲಿ ಸಿಗಬೇಕು?

ಇದರಿಂದ ಒಂದು ತಮಾಷೆ ಆಗುತ್ತಿತ್ತು. ಆಳು ಅಡುಗೆಮನೆಯಿಂದ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಾನೆ. ಮುಂದಿನ ಕ್ಷಣ ಊಟದ ಮನೆಯೊಳಗೆ ಕಾಲಿಡುತ್ತಾನೆ. ನಮಗೆ ಎರಡು ಸೆಕೆಂಡು. ಮೆಟ್ಟಿಲು ಈಲಿಂಗ್‌ನಲ್ಲಿ, ಊಟದ ಮನೆ ಹೈಕ್ಲಿಯರ್‌ನಲ್ಲಿ, ನಡುವೆ ತೊಂಬತ್ತು ಕಿಲೋಮೀಟರ್ ಹತ್ತಿರ ದಾರಿ. ಎರಡು ಶಾಟ್‌ಗಳ ನಡುವೆ ವಾರಗಳೇ ಕಳೆದಿರುತ್ತಿದ್ದವು. ತಟ್ಟೆಯ ಮೇಲಿನ ತಿಂಡಿ, ಕೈಗವಸು, ನಡೆಯುವ ವೇಗ, ಮುಖದ ಸಿಟ್ಟು ಎಲ್ಲವೂ ಹೊಂದಬೇಕು. ಇದು ಗೊತ್ತಾದ ಮೇಲೆ ನಾನು ಸೀರಿಯಲಿನಲ್ಲಿ ಬಾಗಿಲುಗಳನ್ನೇ ನೋಡುವಂತಾಗಿದೆ.

ನೆಲಮಾಳಿಗೆಯಲ್ಲಿ ಅಡುಗೆಮನೆ ಇಲ್ಲ ಅಂದ್ರೆ ಮತ್ತೇನಿದೆ?

ಈಜಿಪ್ಟ್. ಹಳೆಯ ಸಮಾಧಿಗಳಿಂದ ಬಂದ ಅಸಲಿ ವಸ್ತುಗಳು ಕೆಲವು, ಪ್ರಾಚೀನ ಈಜಿಪ್ಟಿನ ರಾಜ ಟುಟಾಂಕಾಮುನ್‌ನ ಸಮಾಧಿಯಲ್ಲಿ ಸಿಕ್ಕಿದ್ದರ ನಕಲುಗಳು ಹಲವು. ಮಕ್ಕಳಿದ್ದರೆ ಇಲ್ಲಿಂದಲೇ ಶುರು ಮಾಡಿ. ಇದರ ಹಿಂದಿನ ಕಥೆ ಮುಂದಿದೆ.

ಊಟದ ಮನೆಯಲ್ಲಿ ಕುದುರೆ ಮೇಲೆ ಕೂತಿರೋ ರಾಜ ಯಾರು?

ಒಂದನೇ ಚಾರ್ಲ್ಸ್. ಬಿಡಿಸಿದ್ದು ಆತನ ಆಸ್ಥಾನದ ಚಿತ್ರಕಾರ ವ್ಯಾನ್ ಡೈಕ್. ಇದೇ ಭಂಗಿಯ ಚಿತ್ರ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲೂ ಇದೆ. 1649ರಲ್ಲಿ ಪಾರ್ಲಿಮೆಂಟಿನ ಕಡೆಯವರು ತಲೆ ಕಡಿಸಿದ ರಾಜ ಈತ. ಕೈಜಾರುತ್ತಿರುವ ಅಧಿಕಾರದ ಬಗ್ಗೆ ಸೀರಿಯಲಿನ ಮನೆ ಯಜಮಾನ ಲಾರ್ಡ್ ಗ್ರಾಂಥಮ್ ಊಟದ ಮೇಜಿನಲ್ಲಿ ಕೊರಗುವಾಗೆಲ್ಲ ಹಿಂದೆ ಈತ ಕುದುರೆ ಏರಿ ನಿಂತಿರುತ್ತಾನೆ. ಸೀರಿಯಲಿನವರು ಇದನ್ನು ತಂದಿಟ್ಟಿದ್ದಲ್ಲ, ಮನೆಯಲ್ಲೇ ಇದ್ದದ್ದು. ಇಂಥದ್ದನ್ನು ಯಾವ ಸೆಟ್ ಡಿಸೈನರ್ ತಾನೇ ಬಿಟ್ಟಾನು?

ಲೈಬ್ರರಿಯ ಪುಸ್ತಕಗಳು ನಿಜವಾದವಾ, ಬರೀ ರಟ್ಟಾ?

ನಿಜವಾದವು. 5,600ಕ್ಕೂ ಹೆಚ್ಚು ಪುಸ್ತಕಗಳಿವೆ. ಸೀರಿಯಲಿನಲ್ಲಿ ಮನೆಯವರು ಕೂತು ಮಾತಾಡುವ ಕೆಂಪು ಸೋಫಾದ ಕೋಣೆ ಇದೇ. ಪಕ್ಕದ ಸಲೂನಿಗೆ ಬಂದರೆ ಗೋಡೆ ನೋಡಿ. ಅದು ಬಣ್ಣವೂ ಅಲ್ಲ, ವಾಲ್‌ಪೇಪರೂ ಅಲ್ಲ. ಸ್ಪೇನಿನಿಂದ ತಂದ, 1631ರ ಕಾಲದ ಚಿತ್ತಾರದ ಚರ್ಮ. ಮುಟ್ಟಬೇಡಿ. ಕೈ ಹೋಗಿಯೇ ಹೋಗುತ್ತದೆ, ಹಿಂದೆ ಕಟ್ಟಿಕೊಳ್ಳಿ.

ಹಳ್ಳಿ, ಆಸ್ಪತ್ರೆ, ರೈಲ್ವೆ ಸ್ಟೇಷನ್ ಎಲ್ಲ ಅಲ್ಲೇ ಸುತ್ತಮುತ್ತ ಇದೆಯಾ?

ಇಲ್ಲ, ಚೂರು ಚೂರಾಗಿ ಹಂಚಿಹೋಗಿದೆ. ಹಳ್ಳಿ ಮತ್ತು ಚರ್ಚ್ ಆಕ್ಸ್‌ಫರ್ಡ್‌ಶೈರ್‌ನ ಬ್ಯಾಂಪ್ಟನ್. ಅಲ್ಲಿನ ಲೈಬ್ರರಿ ಕಟ್ಟಡವೇ ಸೀರಿಯಲಿನ ಆಸ್ಪತ್ರೆ. ರೈಲ್ವೆ ಸ್ಟೇಷನ್ ಸಸೆಕ್ಸ್‌ನ ಹಾರ್ಸ್ಟೆಡ್ ಕೇನ್ಸ್, ಅಲ್ಲಿ ಈಗಲೂ ಹಬೆ ರೈಲು ಓಡುತ್ತದೆ. ಲಾರ್ಡ್ ಗ್ರಾಂಥಮ್‌ನ ಅಮ್ಮ, ಅಂದರೆ ಸೀರಿಯಲಿನ ಅಜ್ಜಿಯ ಮನೆ ಸರ್ರೆಯ ಬೈಫ್ಲೀಟ್ ಮ್ಯಾನರ್. ಸಮಯ ಇದ್ದರೆ ಬ್ಯಾಂಪ್ಟನ್ ಮಾತ್ರ ಬಿಡಬೇಡಿ.

## ಮನೆತನದ ಕಥೆ

ಟುಟಾಂಕಾಮುನ್‌ಗೂ ಈ ಮನೆಗೂ ಏನು ಸಂಬಂಧ?

ಐದನೇ ಅರ್ಲ್‌ಗೆ ಎರಡು ಹುಚ್ಚು: ಕುದುರೆ ಮತ್ತು ಕಾರು. ಜರ್ಮನಿಯಲ್ಲಿ ಕಾರು ಅಪಘಾತವಾಗಿ ಆರೋಗ್ಯ ಕೆಟ್ಟಿತು. ಇಂಗ್ಲೆಂಡಿನ ಚಳಿಗಾಲ ಆಗಿಬರುವುದಿಲ್ಲ, ಒಣಹವೆ ಇರುವ ಕಡೆ ಹೋಗಿ ಎಂದರು ಡಾಕ್ಟರು. ಹಾಗೆ ಈಜಿಪ್ಟಿಗೆ ಹೋದವರಿಗೆ ಮೂರನೇ ಹುಚ್ಚು ಹತ್ತಿತು, ಅಗೆತ. ಹೋವರ್ಡ್ ಕಾರ್ಟರ್ ಎಂಬ ತಜ್ಞನನ್ನು ಇಟ್ಟುಕೊಂಡು ವರ್ಷಗಟ್ಟಲೆ ದುಡ್ಡು ಸುರಿದರು. ಕೊನೆಗೆ 1922ರ ನವೆಂಬರ್ 4ರಂದು ರಾಜರ ಕಣಿವೆಯಲ್ಲಿ ಒಂದು ಮೆಟ್ಟಿಲು ಸಿಕ್ಕಿತು. ಅದು ಟುಟಾಂಕಾಮುನ್ ಸಮಾಧಿಯ ಮೊದಲ ಮೆಟ್ಟಿಲು. ಕಾರ್ಟರ್ ತಂತಿ ಕಳಿಸಿದ, ಅರ್ಲ್ ಮಗಳು ಎವೆಲಿನ್ ಜೊತೆ ಹೊರಟು ಬಂದರು. ನವೆಂಬರ್ 26ರಂದು ಒಳಗೆ ಇಣುಕಿ ನೋಡಿದರು.

ಅರ್ಲ್ ಅದಕ್ಕೂ ಮುಂಚೆ ಕೂಡಿಸಿದ್ದ ಈಜಿಪ್ಟಿನ ವಸ್ತುಗಳ ಸಂಗ್ರಹವನ್ನು ಅವರು ತೀರಿಹೋದ ಮೇಲೆ ಪತ್ನಿ ಅಲ್ಮಿನಾ ಮಾರಿದರು. 1926ರಲ್ಲಿ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿತು. ಎಲ್ಲ ಹೋಯಿತು ಎಂದುಕೊಂಡಿದ್ದರು. 1987ರಲ್ಲಿ ಆರನೇ ಅರ್ಲ್ ತೀರಿಕೊಂಡಾಗ ಮನೆಯ ಸಾಮಾನುಗಳ ಪಟ್ಟಿ ಮಾಡಲು ಹಳೆಯ ಬಟ್ಲರ್‌ನನ್ನು ಕರೆಸಿದರು. ಎಲ್ಲ ಬರೆದಾಯಿತು ಎನ್ನುವಾಗ ಆತ ಈಜಿಪ್ಟಿನ ಸಾಮಾನು ಬಾಕಿ ಇದೆಯಲ್ಲ ಎಂದ. ಎರಡು ಕೋಣೆಗಳ ನಡುವಿನ ಗೋಡೆಬೀರುಗಳಲ್ಲಿ ನೂರಾರು ವಸ್ತುಗಳು ಕೂತಿದ್ದವು. ಅರವತ್ತು ವರ್ಷ! ನಮ್ಮ ಅಟ್ಟದಲ್ಲಿ ಅಜ್ಜಿಯ ಹಿತ್ತಾಳೆ ಪಾತ್ರೆ ಸಿಗುವ ಹಾಗೆ ಅವರಿಗೆ ಫೇರೋಗಳ ಕಾಲದ್ದು ಸಿಕ್ಕಿತು.

ಆ ಸಮಾಧಿಯ ಶಾಪ ತಗುಲಿ ಸತ್ತರಂತೆ, ಹೌದಾ?

ಐದನೇ ಅರ್ಲ್‌ಗೆ ಸೊಳ್ಳೆ ಕಚ್ಚಿತು. ಗಡ್ಡ ಕೆರೆಯುವಾಗ ಆ ಜಾಗಕ್ಕೆ ಬ್ಲೇಡ್ ತಾಗಿ ಗಾಯವಾಯಿತು, ನಂಜೇರಿತು. 1923ರ ಏಪ್ರಿಲ್ 5ರಂದು ಕೈರೋದಲ್ಲಿ ತೀರಿಕೊಂಡರು. ಆಗ ಆ್ಯಂಟಿಬಯಾಟಿಕ್ ಇರಲಿಲ್ಲ. ಪತ್ರಿಕೆಗಳಿಗೆ ಸುದ್ದಿ ಬೇಕಿತ್ತು, ಶಾಪ ಹುಟ್ಟಿತು. ಸಮಾಧಿಯನ್ನು ಹುಡುಕಿದ ಕಾರ್ಟರ್ 1939ರ ತನಕ ಬದುಕಿದ್ದ. ಮೊದಲ ದಿನವೇ ಒಳಗೆ ಹೋದ ಮಗಳು ಎವೆಲಿನ್ 1980ರ ತನಕ ಇದ್ದರು. ಶಾಪಕ್ಕೆ ಅಷ್ಟು ನಿಧಾನ ಒಳ್ಳೆಯದಲ್ಲ.

ಐದನೇ ಅರ್ಲ್‌ನ ಸಮಾಧಿ ಮನೆಯ ಎದುರಿಗೆ ಕಾಣುವ ಬೀಕನ್ ಹಿಲ್ ತುದಿಯಲ್ಲಿದೆ. ಕಡಿದಾದ ಏರು. ಮೇಲೆ ನಿಂತರೆ ಇಡೀ ಎಸ್ಟೇಟ್ ಕಾಣುತ್ತದೆ. ಇದಕ್ಕೆ ಟಿಕೆಟ್ ಬೇಡ.

ಸೀರಿಯಲಿನ ಕಥೆ ಈ ಮನೆಯವರದ್ದೇ ಕಥೆಯಾ?

ಅಲ್ಲ. ಬರೆದವರು ಜೂಲಿಯನ್ ಫೆಲೋಸ್, ಕ್ರಾಲಿಗಳು ಅವರ ಕಲ್ಪನೆ. ಆದರೆ ಫೆಲೋಸ್‌ಗೆ ಈ ಮನೆಯವರ ಪರಿಚಯ ಮೊದಲಿಂದ ಇತ್ತು, ಬರೆಯುವಾಗ ಈ ಮನೆಯೇ ಕಣ್ಮುಂದೆ ಇತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಹಾಗಾಗಿ ಕೆಲವು ಎಳೆ ಹೊಂದುತ್ತವೆ.

ಸೀರಿಯಲಿನ ಲೇಡಿ ಗ್ರಾಂಥಮ್ ಅಮೆರಿಕದ ಶ್ರೀಮಂತರ ಮಗಳು, ಆಕೆಯ ದುಡ್ಡಿನಿಂದ ಮನೆ ಉಳಿಯುತ್ತದೆ. ನಿಜದಲ್ಲಿ ಐದನೇ ಅರ್ಲ್ 1895ರಲ್ಲಿ ಮದುವೆಯಾದದ್ದು ಅಲ್ಮಿನಾಳನ್ನು. ಆಕೆಯ ತಂದೆ ಎಂದು ಜನ ಆಡಿಕೊಳ್ಳುತ್ತಿದ್ದದ್ದು ಬ್ಯಾಂಕರ್ ಆಲ್ಫ್ರೆಡ್ ಡಿ ರೋಥ್‌ಸ್‌ಚೈಲ್ಡ್‌ನನ್ನು. ಅರ್ಲ್‌ನ ಸಾಲ ತೀರಿಸಿ, ಮೇಲೆ ಭಾರಿ ವರದಕ್ಷಿಣೆ ಕೊಟ್ಟದ್ದೂ ಆತನೇ. ಸೀರಿಯಲಿನಲ್ಲಿ ಮೊದಲ ಮಹಾಯುದ್ಧದ ಹೊತ್ತಿಗೆ ಮನೆ ಗಾಯಾಳು ಸೈನಿಕರ ಆರೈಕೆಯ ಜಾಗವಾಗುತ್ತದೆ. ಅಲ್ಮಿನಾ ನಿಜವಾಗಿಯೂ ಹೈಕ್ಲಿಯರ್‌ನಲ್ಲಿ ಆಸ್ಪತ್ರೆ ನಡೆಸಿದರು, ದುಡ್ಡು ಮತ್ತೆ ಆಲ್ಫ್ರೆಡ್‌ನದೇ.

ಇಂಡಿಯಾಕ್ಕೂ ಈ ಮನೆಗೂ ಏನಾದ್ರೂ ನಂಟಿದೆಯಾ?

ಒಂದಿದೆ. ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್‌ನ ಮಗ ವಿಕ್ಟರ್ ದುಲೀಪ್ ಸಿಂಗ್ ಐದನೇ ಅರ್ಲ್‌ನ ಜೀವದ ಗೆಳೆಯ. ಓದುವ ಕಾಲದಿಂದ ಬಂದ ಸ್ನೇಹ. ರಾಜ್ಯ ಕಳೆದುಕೊಂಡ ಆ ಮಹಾರಾಜ ಸಫೋಕ್‌ನಲ್ಲಿ ಎಲ್ವೆಡನ್ ಹಾಲ್ ಎಂಬ ಮನೆ ಕೊಂಡು ಒಳಗೆಲ್ಲ ಭಾರತದ ಅರಮನೆಯ ಹಾಗೆ ಮಾಡಿಸಿದ್ದ. ಆ ಮನೆಯೂ ಈಗ ಸಿನಿಮಾ ಶೂಟಿಂಗಿನ ಜಾಗ.

## ದುಡ್ಡು ಮತ್ತು ಕ್ಯಾಮೆರಾ

ಇಷ್ಟು ದೊಡ್ಡ ಮನೆ ಇದ್ದವರಿಗೆ ಶೂಟಿಂಗಿಗೆ ಬಾಡಿಗೆ ಕೊಡೋ ಗತಿ ಯಾಕೆ ಬಂತು?

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮಲ್ಲಿ ಗಾದೆ ಇದೆಯಲ್ಲ, ಅದು ಇಂಗ್ಲೆಂಡಿನ ಜಮೀನ್ದಾರರಿಗೂ ಸರಿಯಾಗಿ ಹೊಂದುತ್ತದೆ. ಜಮೀನಿನ ಆದಾಯ ಇಳಿಯಿತು, ಆಸ್ತಿ ಕೈ ಬದಲಾದಾಗೆಲ್ಲ ತೆರಿಗೆ, ಯುದ್ಧದ ಮೇಲೆ ಆಳುಗಳು ಸಿಗಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಇಂಥ ನೂರಾರು ಮನೆಗಳನ್ನು ಕೆಡವಿಯೇ ಹಾಕಿದರು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಹೀಗೆ ಕೆಡವಿದ ಮನೆಗಳ ಬಗ್ಗೆಯೇ ಒಂದು ಪ್ರದರ್ಶನ ಮಾಡಿತ್ತು.

ಹೈಕ್ಲಿಯರ್ ಪ್ರತಿ ಸಲವೂ ಹೊರಗಿನ ದುಡ್ಡಿನಿಂದ ಉಳಿದುಕೊಂಡ ಮನೆ. ಒಮ್ಮೆ ರೋಥ್‌ಸ್‌ಚೈಲ್ಡ್ ವರದಕ್ಷಿಣೆ. ಒಮ್ಮೆ ಈಜಿಪ್ಟ್ ಸಂಗ್ರಹದ ಮಾರಾಟ. 2009ರ ಹೊತ್ತಿಗೆ ಮತ್ತೆ ಕೈ ಖಾಲಿ. ನೀರು ಸೋರಿ ಕಲ್ಲುಗಳು ಸಡಿಲವಾಗಿದ್ದವು, ಮೇಲಿನ ಅಂತಸ್ತುಗಳ 50 ಕೋಣೆಯಾದರೂ ವಾಸಕ್ಕೆ ಬಾರದ ಸ್ಥಿತಿ. ಎಲ್ಲ ಸರಿಮಾಡಲು ಸುಮಾರು 1.2 ಕೋಟಿ ಪೌಂಡ್ ಬೇಕು ಎಂದು ಆಗ ಪತ್ರಿಕೆಗಳಲ್ಲಿ ಬಂತು. 2010ರಲ್ಲಿ ಸಂಗೀತಗಾರ ಆ್ಯಂಡ್ರ್ಯೂ ಲಾಯ್ಡ್ ವೆಬ್ಬರ್ ತನ್ನ ಚಿತ್ರಗಳ ಸಂಗ್ರಹ ಇಡಲು ಈ ಮನೆಯನ್ನೇ ಕೊಳ್ಳುತ್ತೇನೆ ಎಂದರು. ಮಾರಾಟಕ್ಕಿಲ್ಲ ಎಂದರು ಅರ್ಲ್. ಅದೇ ಸೆಪ್ಟೆಂಬರ್‌ನಲ್ಲಿ ಸೀರಿಯಲ್ ಶುರುವಾಯಿತು.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಶೂಟಿಂಗಿನ ಬಾಡಿಗೆಗಿಂತ ಸೀರಿಯಲ್ ನೋಡಿ ಬಂದವರ ಟಿಕೆಟ್ ದುಡ್ಡೇ ಮನೆಯ ರಿಪೇರಿಗೆ ದಾರಿ ಮಾಡಿದ್ದು. ಬಾಡಿಗೆ ಶೂಟಿಂಗ್ ಮುಗಿದ ದಿನ ನಿಲ್ಲುತ್ತದೆ. ನೋಡುವವರು ಸೀರಿಯಲ್ ಮುಗಿದು ವರ್ಷಗಳಾದರೂ ಬರುತ್ತಲೇ ಇದ್ದಾರೆ. ನಾನೇ ಎಷ್ಟು ಜನರನ್ನು ಕರೆದೊಯ್ದಿದ್ದೇನೆ! ಒಂದೆರಡು ಹಂಚಿಗಾದರೂ ನಮ್ಮ ನೆಂಟರ ದುಡ್ಡು ಹೋಗಿರಬೇಕು.

ಶೂಟಿಂಗ್ ಮಾಡೋವಾಗ ಅಷ್ಟು ಹಳೇ ಮನೆ ಹಾಳಾಗಲ್ವಾ?

ಆಗುತ್ತದೆ, ಅದಕ್ಕೇ ಕಟ್ಟುನಿಟ್ಟು. ಇಂಥ ಮನೆಗಳಲ್ಲಿ ಶೂಟಿಂಗ್ ಮಾಡುವಾಗ ನಡೆಯುವ ಕ್ರಮ ಹೆಚ್ಚು ಕಡಿಮೆ ಒಂದೇ. ನೆಲಕ್ಕೆ ಹಲಗೆ ಅಥವಾ ದಪ್ಪ ಹೊದಿಕೆ. ಟ್ರೈಪಾಡ್ ಕಾಲಿಗೆ ಮೆತ್ತೆ. ಗೋಡೆಗೆ ಮೊಳೆ ಇಲ್ಲ, ಟೇಪ್ ಕೂಡ ಇಲ್ಲ. ದೊಡ್ಡ ದೀಪಗಳನ್ನು ಹೊರಗೆ ನಿಲ್ಲಿಸಿ ಕಿಟಕಿಯಿಂದ ಬೆಳಕು ಹಾಯಿಸುತ್ತಾರೆ. ಲೈಟಿನ ಬಿಸಿ ಹಳೆಯ ಬಣ್ಣಕ್ಕೂ ಬಟ್ಟೆಗೂ ಆಗುವುದಿಲ್ಲ, ಮತ್ತೆ ಹಗಲಿನ ಬೆಳಕಿನ ಹಾಗೆ ಕಾಣುವುದೂ ಹಾಗೆಯೇ. ಜನರೇಟರ್, ಊಟದ ಟ್ರಕ್, ಮೇಕಪ್ ಗಾಡಿ ಎಲ್ಲ ದೂರದ ಬಯಲಿನಲ್ಲಿ. ಬೆಲೆಬಾಳುವ ಕುರ್ಚಿ, ಹೂಜಿ ಸರಿಸಬೇಕೆಂದರೆ ಮನೆಯ ಕಡೆಯವರು ಪಕ್ಕದಲ್ಲೇ ನಿಂತಿರುತ್ತಾರೆ. ಕಾಫಿ ಲೋಟ ಹಿಡಿದು ಒಳಗೆ ಬರುವ ಹಾಗಿಲ್ಲ.

ಒಂದು ಊಟದ ದೃಶ್ಯಕ್ಕೆ ಇಡೀ ದಿನ ಬೇಕಂತೆ. ಯಾಕಷ್ಟು?

ಲೆಕ್ಕ ಹಾಕಿ. ಮೇಜಿನ ಸುತ್ತ ಹತ್ತು ಹನ್ನೆರಡು ಜನ, ಹಿಂದೆ ಬಡಿಸುವವರು. ಒಬ್ಬೊಬ್ಬರ ಮುಖಕ್ಕೂ ಬೇರೆ ಕ್ಯಾಮೆರಾ ಕೋನ. ಪ್ರತಿ ಕೋನಕ್ಕೂ ಇಡೀ ಮಾತುಕತೆ ಮೊದಲಿಂದ. ಪ್ರತಿ ಸಲವೂ ತಟ್ಟೆಯಲ್ಲಿ ಅಷ್ಟೇ ಊಟ, ಗ್ಲಾಸಿನಲ್ಲಿ ಅಷ್ಟೇ ವೈನ್, ಮೇಣದ ಬತ್ತಿ ಅಷ್ಟೇ ಉದ್ದ ಇರಬೇಕು. ಸಂಜೆಯ ಹೊತ್ತಿಗೆ ಮೀನು ಯಾವ ಸ್ಥಿತಿಯಲ್ಲಿರುತ್ತದೆ ಎಂದು ಕೇಳಬೇಡಿ. ಇದರ ಮೇಲೆ ಚರಿತ್ರೆಯ ಸಲಹೆಗಾರ ಅಲಸ್ಟೇರ್ ಬ್ರೂಸ್ ನಟರ ನಡೆನುಡಿ ಮೇಲೆ ಕಣ್ಣಿಟ್ಟಿರುತ್ತಿದ್ದರು. ಆ ಕಾಲದ ದೊಡ್ಡಮನೆಯವರು ಕುರ್ಚಿಗೆ ಬೆನ್ನು ಒರಗಿಸುತ್ತಿರಲಿಲ್ಲ. ಹಾಗಾಗಿ ನಟರೂ ದಿನವಿಡೀ ನೆಟ್ಟಗೆ!

ಎಲ್ಲಾನೂ ಸೆಟ್ ಹಾಕಿದ್ರೆ ಆಗ್ತಿರಲಿಲ್ವಾ? ಅಡುಗೆಮನೆ ಹಾಕಿದ್ದಾರಲ್ಲ.

ಅಡುಗೆಮನೆಯಲ್ಲಿ ಇರುವುದು ಬಿಳಿ ಗೋಡೆ, ಮರದ ಮೇಜು, ಪಾತ್ರೆ. ಮಾಡಬಹುದು. ಸಲೂನಿನ ಎತ್ತರ, ಚಾವಣಿಯ ಕೆತ್ತನೆ, ಕಿಟಕಿಯಾಚೆ ಮೈಲಿಗಟ್ಟಲೆ ಹರಡಿದ ಪಾರ್ಕ್ ಮಾಡುವುದು ಹೇಗೆ? ದುಡ್ಡಿದ್ದರೂ ಮರಗಳ ವಯಸ್ಸನ್ನು ಎಲ್ಲಿಂದ ತರುತ್ತೀರಿ?

ಈ ಹಂಚಿಕೆಯಿಂದ ಸೀರಿಯಲಿಗೆ ಒಂದು ಲಾಭವೂ ಆಯಿತು ಎಂದು ನನ್ನ ಅಭಿಪ್ರಾಯ. ಮೇಲಿನವರ ಜಗತ್ತು ನಿಜದ ಮನೆಯಲ್ಲಿ, ಕೆಳಗಿನವರ ಜಗತ್ತು ಸ್ಟುಡಿಯೋದಲ್ಲಿ. ಬೆಳಕು ಬೇರೆ, ಮಾತಿನ ಪ್ರತಿಧ್ವನಿ ಬೇರೆ. ಬಾಗಿಲು ದಾಟಿದರೆ ಬೇರೆ ಲೋಕ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಬೇರೆ ಯಾವುದರಲ್ಲಿ ಈ ಮನೆ ಬಂದಿದೆ?

1987ರ 'ದ ಸೀಕ್ರೆಟ್ ಗಾರ್ಡನ್' ಟಿವಿ ಸಿನಿಮಾದಲ್ಲಿದೆ. 1990ರ ದಶಕದ ಶುರುವಿನ 'ಜೀವ್ಸ್ ಅಂಡ್ ವೂಸ್ಟರ್' ಸೀರಿಯಲಿನ ಟೋಟ್ಲಿ ಟವರ್ಸ್ ಕೂಡ ಇದೇ. ಆಗ ಯಾರೂ ಬಸ್ಸು ಮಾಡಿಕೊಂಡು ನೋಡಲು ಬರಲಿಲ್ಲ. ಆ ಕಥೆಗಳಲ್ಲಿ ಮನೆ ಹಿನ್ನೆಲೆ. ಡೌನ್‌ಟನ್‌ನಲ್ಲಿ ಮನೆಯೇ ನಾಯಕಿ, ಅದನ್ನು ಉಳಿಸಿಕೊಳ್ಳುವುದೇ ಕಥೆ.

ನಮ್ಮ ಕಡೆ ಇಂಥ ಮನೆ ಯಾವುದಾದ್ರೂ ಇದೆಯಾ?

ಇದನ್ನು ಕೇಳಿದವರು ತೀರ್ಥಹಳ್ಳಿಯವರು, ಉತ್ತರ ಅವರ ತಾಲ್ಲೂಕಿನಲ್ಲೇ ಇತ್ತು. ಆಗುಂಬೆಯ ದೊಡ್ಡಮನೆ. 1986ರಲ್ಲಿ ದೂರದರ್ಶನದಲ್ಲಿ ಬಂದ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್'ನಲ್ಲಿ ಸ್ವಾಮಿಯ ಮನೆ ಅದೇ. ಗಿರೀಶ್ ಕಾರ್ನಾಡರು ಅಪ್ಪನಾಗಿ ಮಾಸ್ಟರ್ ಮಂಜುನಾಥ್‌ಗೆ ಗದರಿದ್ದು ಅಲ್ಲೇ. ನೂರು ವರ್ಷ ದಾಟಿದ ಹೆಂಚಿನ ಮನೆ, ಮರದ ಕಂಬಗಳು, ನಡುವೆ ತೊಟ್ಟಿ. ಆ ಸೀರಿಯಲಿನ ರೈಲ್ವೆ ಸ್ಟೇಷನ್ ಆಗಿದ್ದ ಅರಸಾಳಿನ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು.

ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಹೈಕ್ಲಿಯರ್‌ನಲ್ಲಿ ಟಿಕೆಟ್, ಹೊತ್ತು, ಸಾಲು. ದೊಡ್ಡಮನೆ ಹೆಸರು ಮಾಡಿದ್ದು ಬಂದವರಿಗೆ ಬಾಳೆಎಲೆ ಹಾಕಿ ಬಡಿಸಿ, ಇಷ್ಟೇ ಕೊಡಿ ಎಂದು ಕೇಳದೆ ಇದ್ದದ್ದಕ್ಕೆ. ಅದು ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಊರು ಬೇರೆ. ಅಲ್ಲಿಗೆ ಹೋಗಿ ಉಂಡು ಬರುವವರು ಏಳುವಾಗ ಕೈಬಿಚ್ಚಿ ಕೊಟ್ಟು ಬನ್ನಿ. ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕಾಗುತ್ತದೆ.